ಬಂಗುಡೆ ಪಕ್ಕ ಈಸ್ಟ್‌ವುಡ್

ಜುಲೈ ತಿಂಗಳ ಒಂದು ಸಂಜೆ. ಫ್ರೀಜರ್ ತೆಗೆದ ಅಮ್ಮ ಹಾಗೇ ನಿಂತುಬಿಟ್ಟರು. ಆಮೇಲೆ ಅಡುಗೆಮನೆಯಿಂದಲೇ ಕೂಗಿದರು: “ಇದೆಂತದು ಮಾರಾಯ, ಬಂಗುಡೆ ಪಕ್ಕ ಯಾರೋ ಟೊಪ್ಪಿ ಹಾಕಿದವ ಮಲಗಿದ್ದಾನಲ್ಲ?”

ಮಲಗಿದ್ದವನು ಹಾಲಿವುಡ್ಡಿನ ಕೌಬಾಯ್ ಹೀರೋ ಕ್ಲಿಂಟ್ ಈಸ್ಟ್‌ವುಡ್, ಒಂದು ಪತ್ರಿಕೆಯ ಮುಖಪುಟದಲ್ಲಿ. ಜಿಪ್ ಇರುವ ಪ್ಲಾಸ್ಟಿಕ್ ಚೀಲದೊಳಗೆ, ಬಾಯಲ್ಲಿ ಚುಟ್ಟಾ ಕಚ್ಚಿಕೊಂಡು, ಮುಖದ ಮೇಲೆ ತೆಳ್ಳಗೆ ಮಂಜು ಕಟ್ಟಿಸಿಕೊಂಡು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಆ ಎರಡು ತಿಂಗಳು ನಮ್ಮ ಕಡೆ ಫ್ರೀಜರ್‌ನ ಒಂದೊಂದು ಇಂಚಿಗೂ ಬೆಲೆ ಉಂಟು. ಅಲ್ಲಿ ಒಂದು ಸಿನಿಮಾ ಪತ್ರಿಕೆಗೆ ಜಾಗ ಮಾಡುವುದು ಸಣ್ಣ ಕೆಲಸ ಅಲ್ಲ. ಅದು ಫ್ರೀಜರ್‌ಗೆ ಹೇಗೆ ಹೋಯಿತು ಎನ್ನುವ ಮೊದಲು ಮಂಗಳೂರಿಗೆ ಹೇಗೆ ಬಂತು ಅಂತ ಹೇಳಬೇಕು.

ಪತ್ರಿಕೆಯ ಹೆಸರು ‘ಸಿನಿಮಾ ರೆಟ್ರೋ’. ಇಂಗ್ಲಿಷ್ ಪತ್ರಿಕೆ. ಲೀ ಫೈಫರ್, ಡೇವ್ ವೊರಾಲ್ ಎಂಬ ಇಬ್ಬರು 2005ರಲ್ಲಿ ಶುರು ಮಾಡಿದ್ದು. ವರ್ಷಕ್ಕೆ ಮೂರೇ ಸಂಚಿಕೆ. ವಿಷಯದ ಬೇಲಿಯೂ ಬಿಗಿ: 1960 ಮತ್ತು 70ರ ದಶಕದ ಸಿನಿಮಾಗಳು, ಅಷ್ಟೇ. ಆ ಬೇಲಿಯ ಒಳಗೆ ಮಾತ್ರ ಒಂದು ಹುಲ್ಲುಕಡ್ಡಿಯನ್ನೂ ಬಿಡುವುದಿಲ್ಲ. ನನಗೆ ಅದು ಮೊದಲು ಸಿಕ್ಕಿದ್ದು ದುಬೈಯಿಂದ ಬಂದ ಅಣ್ಣನ ಸೂಟ್‌ಕೇಸಿನಲ್ಲಿ, ಖರ್ಜೂರದ ಡಬ್ಬಿಯ ಅಡಿಯಲ್ಲಿ. ಅವನ ರೂಮ್‌ಮೇಟ್ ಬಿಸಾಡಿದ್ದಂತೆ. ಡಬ್ಬಿ ಸೋರಿದರೆ ಬಟ್ಟೆಗೆ ತಾಗದಿರಲಿ ಅಂತ ಅಣ್ಣ ಅಡಿಗೆ ಹಾಸಿದ್ದ. ಆ ಅಂಟು ಕಲೆ ಇವತ್ತಿಗೂ ಹಿಂದಿನ ಪುಟದ ಮೇಲೆ ಉಂಟು.

ನಾನು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಹಳೆ ಸಿನಿಮಾ ಹುಚ್ಚು ಮೊದಲಿಂದಲೂ ಇತ್ತು. ಆದರೆ ನನಗೆ ಗೊತ್ತಿದ್ದ ಸಿನಿಮಾ ಪತ್ರಿಕೆ ಅಂದರೆ ಸಲೂನಿನಲ್ಲಿ ಕೈಗೆ ಸಿಗುವಂಥದ್ದು. ಯಾರಿಗೆ ಮದುವೆ, ಯಾರಿಗೆ ಯಾರ ಮೇಲೆ ಸಿಟ್ಟು. ಇದರಲ್ಲಿ ಅದು ಇಲ್ಲವೇ ಇಲ್ಲ ಅನ್ನಬಹುದು. ಕುದುರೆಯಿಂದ ಬಿದ್ದದ್ದು ಹೀರೋ ಅಲ್ಲ ಅಂದಮೇಲೆ ಯಾರು ಬಿದ್ದರು? ಪೋಸ್ಟರ್ ಬರೆದ ಕಲಾವಿದ ಯಾರು? ಆ ಕೋಟೆ ಎಲ್ಲಿದೆ, ಈಗ ಅಲ್ಲಿಗೆ ಹೋದರೆ ಏನು ಕಾಣುತ್ತದೆ? ಸೆಟ್ಟಿನಲ್ಲಿ ತೆಗೆದ, ಬೇರೆಲ್ಲೂ ನೋಡದ ಫೋಟೋಗಳು. ಮೂರು ರಾತ್ರಿ ಕೂತು ಓದಿ ಮುಗಿಸಿದೆ. ಮರುದಿನ ಚಂದಾ ಕಟ್ಟುವ ಅಂತ ಹೊರಟೆ.

ಅದೇನು ಸುಲಭ ಆಗಲಿಲ್ಲ. ಮೊದಲ ಸಲ ಹಣ ಹೋಗಲೇ ಇಲ್ಲ. ಎರಡನೇ ಸಲವೂ ಇಲ್ಲ. ಬ್ಯಾಂಕನ್ನೇ ಬೈದುಕೊಂಡೆ. ಆಮೇಲೆ ಗೊತ್ತಾಯಿತು, ತಪ್ಪು ನನ್ನದೇ. 2020ರಿಂದ ರಿಸರ್ವ್ ಬ್ಯಾಂಕಿನ ನಿಯಮ ಹಾಗೆ: ಹೊಸ ಕಾರ್ಡ್ ಕೊಡುವಾಗ ದೇಶದೊಳಗೆ ಮಾತ್ರ ನಡೆಯುವ ಹಾಗೆ ಕೊಡುತ್ತಾರೆ. ಹೊರದೇಶಕ್ಕೆ ಬೇಕಾದರೆ ನಾವೇ ಆ್ಯಪ್‌ನಲ್ಲಿ ಒಂದು ಸ್ವಿಚ್ ಆನ್ ಮಾಡಬೇಕು. ಕೆಲಸ ಮುಗಿದ ಮೇಲೆ ಆಫ್ ಮಾಡುವುದು ಒಳ್ಳೆಯದು. ಪೌಂಡನ್ನು ರೂಪಾಯಿ ಮಾಡುವಾಗ ಬ್ಯಾಂಕು ಮೇಲಿಂದ ಸ್ವಲ್ಪ ಹಿಡಿಯುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಅಂಚೆ ಖರ್ಚು ಬೇರೆ.

ಆಮೇಲೆ ವಿಳಾಸ. ಇಂಗ್ಲೆಂಡಿನವರಿಗೆ ಮನೆ ನಂಬರ್, ಬೀದಿ, ಊರು ಇದ್ದರೆ ಮುಗಿಯಿತು. ನಮ್ಮದು ಹಾಗಲ್ಲ ಅಲ್ವಾ. ಯಾವುದೋ ಕಾಲದ ಯಜಮಾನನ ಹೆಸರಿನ ಕಂಪೌಂಡ್, ನಾಗಬನದ ಹಿಂದೆ, ಮೂರನೇ ಗೇಟು. ಫಾರ್ಮಿನ ಒಂದು ಸಾಲಿನಲ್ಲಿ ಇದು ಹಿಡಿಸುವುದಿಲ್ಲ. ನಾಗಬನ ಬಿಟ್ಟೆ, ಗೇಟು ಬಿಟ್ಟೆ, ಮೊಬೈಲ್ ನಂಬರ್ ಹಾಕಿದೆ. ಪೋಸ್ಟ್‌ಮ್ಯಾನ್‌ಗೆ ಮೊದಲೇ ಹೇಳಿದೆ: “ಫಾರಿನ್ ಕವರ್ ಒಂದು ಬರ್ತದೆ. ಮನೆಯಲ್ಲಿ ಯಾರೂ ಇಲ್ಲದಿದ್ರೆ ಕಿಟಕಿಯ ಗ್ರಿಲ್‌ಗೆ ಸಿಕ್ಕಿಸಿ.” ಈ ಕೊನೆಯ ವಾಕ್ಯವನ್ನು ನೆನಪಿಟ್ಟುಕೊಳ್ಳಿ.

ಪತ್ರಿಕೆ ಕೈಗೆ ಬಂತು. ಒಬ್ಬನೇ ಓದಿ ಕಪಾಟಿನಲ್ಲಿ ಇಡುವುದು ಒಂಥರಾ ಅನಿಸಿತು. ಒಬ್ಬನೇ ಪೂರ್ತಿ ಚಂದಾ ಕಟ್ಟುವುದು ಭಾರ ಅನ್ನುವುದೂ ನಿಜ. ಭಾನುವಾರ ಬೆಳಿಗ್ಗೆ ಹಂಪನಕಟ್ಟೆ ಹತ್ತಿರದ ಹೋಟೆಲಿನಲ್ಲಿ ನಾವು ಏಳೆಂಟು ಜನ ಹಳೆ ಸಿನಿಮಾದವರು ಸೇರುತ್ತೇವೆ. ಬನ್ಸ್, ಚಾ, ಆಮೇಲೆ ಜಗಳ. ಅಲ್ಲಿಗೆ ಪತ್ರಿಕೆ ಹಿಡಿದುಕೊಂಡು ಹೋದೆ. ಅರ್ಧ ಗಂಟೆ ಹೊಗಳಿದೆ. ಕಾಗದ ನೋಡಿ, ಫೋಟೋ ನೋಡಿ, ಇಂಥ ಮಾಹಿತಿ ಇನ್ನೆಲ್ಲೂ ಸಿಗುವುದಿಲ್ಲ ನೋಡಿ. ಎಲ್ಲರೂ ತಲೆ ಆಡಿಸಿದರು. ಒಬ್ಬರು ಬನ್ಸ್ ಎಣ್ಣೆ ಹತ್ತಿದ ಬೆರಳಲ್ಲೇ ಎರಡು ಪುಟ ತಿರುವಿದರು. “ಒಳ್ಳೆದುಂಟು” ಅಂದರು. ಆಮೇಲೆ ಮಾತು ಕಾಂತಾರಕ್ಕೆ ಹೋಯಿತು. ಮನೆಗೆ ಬರುವಾಗ ಪತ್ರಿಕೆಯ ಮೇಲೆ ಎರಡು ಎಣ್ಣೆ ಚುಕ್ಕೆ, ಕೈಯಲ್ಲಿ ಸೊನ್ನೆ ಚಂದಾದಾರರು.

ಬಸ್ಸಿನಲ್ಲಿ ಬರುತ್ತಾ ಯೋಚಿಸಿದೆ. ಕಂಡಕ್ಟರ್ “ಜ್ಯೋತಿ, ಜ್ಯೋತಿ” ಅಂತ ಕೂಗುತ್ತಿದ್ದ. ಟಾಕೀಸಿನ ಹೆಸರಿನಲ್ಲೇ ಸ್ಟಾಪು. ಅಲ್ಲಿ ಇಳಿಯುವವರಲ್ಲಿ ಒಬ್ಬೊಬ್ಬರಿಗೂ ‘ಜ್ಯೋತಿ’ ಅಂದರೆ ಬೇರೆ ಬೇರೆ ಸಿನಿಮಾ ನೆನಪಾಗಬಹುದು. ನಾನು ಎಲ್ಲರಿಗೂ ಒಂದೇ ಪತ್ರಿಕೆಯನ್ನು ಒಂದೇ ಥರ ತೋರಿಸಿದ್ದೆ. ಅವರಿಗೆ ಬೇಕಾದದ್ದು ಪತ್ರಿಕೆ ಅಲ್ಲ, ಅದರ ಒಂದು ಪುಟ. ಯಾರಿಗೆ ಯಾವ ಪುಟ ಅನ್ನುವುದನ್ನು ನಾನು ಹುಡುಕಬೇಕಿತ್ತು.

ಮೊದಲು ಹಿಡಿದದ್ದು ಬ್ಯಾಂಕ್ ಮಾಮನನ್ನು. ಪಕ್ಕದ ಮನೆಯವರು, ಬ್ಯಾಂಕಿನಿಂದ ನಿವೃತ್ತರಾಗಿ ಹನ್ನೆರಡು ವರ್ಷ ಆಯಿತು. ಯುವಕರಾಗಿದ್ದಾಗ ಬೆಳಗಿನ ಆಟದ ಇಂಗ್ಲಿಷ್ ಸಿನಿಮಾ ಒಂದೂ ಬಿಟ್ಟವರಲ್ಲ. ಅವರ ದೇವರು ‘ಮೆಕೆನ್ನಾಸ್ ಗೋಲ್ಡ್’. ನಾಲ್ಕು ಸಲ ನೋಡಿದ್ದಾರೆ. 1969ರ ಈ ಸಿನಿಮಾ ತನ್ನ ಊರಾದ ಅಮೆರಿಕದಲ್ಲಿ ಮಕಾಡೆ ಮಲಗಿತು, ಇಂಡಿಯಾದಲ್ಲಿ ಮಾತ್ರ ವರ್ಷಗಟ್ಟಲೆ ಮತ್ತೆ ಮತ್ತೆ ಬಂದು ಓಡಿತು. ಅಲ್ಲಿ ಸೋತಿತ್ತು ಅಂತ ಹೇಳಿದಾಗ ಮಾಮ ನಂಬಲೇ ಇಲ್ಲ. “ಹೇಗೆ ಸಾಧ್ಯ? ನಾನು ಕ್ಯೂನಲ್ಲಿ ಅಂಗಿ ಹರಿಸಿಕೊಂಡಿದ್ದೇನೆ!” ಅಂದರು.

ಅವರಿಗೆ ನಾನು ಕೊಟ್ಟದ್ದು ‘ವೇರ್ ಈಗಲ್ಸ್ ಡೇರ್’ ಎಂಬ, ಬೆಟ್ಟದ ಕೋಟೆಯೊಂದರಲ್ಲಿ ನಡೆಯುವ ಯುದ್ಧದ ಸಿನಿಮಾದ ಬಗ್ಗೆಯೇ ತಂದ ವಿಶೇಷ ಸಂಚಿಕೆ. ಒಂದೇ ಸಿನಿಮಾ ಹಿಡಿದುಕೊಂಡು ಇಡೀ ಸಂಚಿಕೆ ಮಾಡುವುದು ಇವರ ಇನ್ನೊಂದು ಹುಚ್ಚು. “ಓದಿ ನೋಡಿ” ಅನ್ನಲಿಲ್ಲ. “ಮಾಮ, ಆ ಕೋಟೆ ಎಲ್ಲಿದೆ ಗೊತ್ತುಂಟಾ?” ಅಂತ ಮಾತ್ರ ಕೇಳಿದೆ. “ಜರ್ಮನಿಯಲ್ಲಿ. ಸಿನಿಮಾದಲ್ಲೇ ಹೇಳ್ತಾರಲ್ಲ, ಬವೇರಿಯಾ” ಅಂದರು. “ಸರಿ, ನೋಡಿಕೊಂಡು ಹೇಳಿ” ಅಂತ ಕೊಟ್ಟು ಬಂದೆ.

ಮರುದಿನ ಬೆಳಿಗ್ಗೆ ಏಳಕ್ಕೆ ಬೆಲ್ಲು. ಮಾಮ ಲುಂಗಿಯಲ್ಲೇ ಬಂದಿದ್ದರು. ಪುಟದ ನಡುವೆ ಪೆನ್ಸಿಲ್ ಇಟ್ಟಿದ್ದರು. “ಕೋಟೆ ಆಸ್ಟ್ರಿಯಾದ್ದು! ಹೋಹೆನ್‌ವೆರ್ಫೆನ್. ಕೇಬಲ್ ಕಾರ್ ಆ ಕೋಟೆಯದ್ದೇ ಅಲ್ಲ, ಬೇರೆ ಊರಿನ ಬೆಟ್ಟದ್ದು, ಫಾಯರ್‌ಕೋಗೆಲ್. ಎರಡನ್ನೂ ಸೇರಿಸಿ ಒಂದು ಮಾಡಿದ್ದಾರೆ. ಐವತ್ತು ವರ್ಷ ನನಗೆ ಟೊಪ್ಪಿ ಹಾಕಿದ್ದಾರಲ್ಲ!” ಮೋಸ ಹೋದವರು ಇಷ್ಟು ಖುಷಿಯಾಗಿ ಇದ್ದದ್ದನ್ನು ನಾನು ನೋಡಿರಲಿಲ್ಲ. ಆ ಖುಷಿಗೆ ಇನ್ನೊಂದು ಸೇರಿಸಿದೆ. ‘ಮೆಕೆನ್ನಾಸ್ ಗೋಲ್ಡ್’ ಚಿತ್ರೀಕರಣಕ್ಕೆ ನಿರ್ಮಾಪಕ ಕಾರ್ಲ್ ಫೋರ್‌ಮನ್ ಕೆಲವು ಸಿನಿಮಾ ವಿದ್ಯಾರ್ಥಿಗಳನ್ನು ಕರೆಸಿದ್ದರು, ಅಲ್ಲಿದ್ದುಕೊಂಡು ಒಂದೊಂದು ಕಿರುಚಿತ್ರ ಮಾಡಿ ಅಂತ. ಅದರಲ್ಲಿ ಒಬ್ಬ ಹುಡುಗ ಸ್ಟಾರುಗಳನ್ನು ಬಿಟ್ಟು ಸುಮ್ನೆ ಮರುಭೂಮಿಯನ್ನೇ ತೆಗೆದ. ಅವನ ಹೆಸರು ಜಾರ್ಜ್ ಲ್ಯೂಕಸ್, ಮುಂದೆ ‘ಸ್ಟಾರ್ ವಾರ್ಸ್’ ಮಾಡಿದವನು. ಮಾಮನಿಗೆ ‘ಸ್ಟಾರ್ ವಾರ್ಸ್’ ಗೊತ್ತಿಲ್ಲ. “ಹಾಗಾದ್ರೆ ನಮ್ಮ ಪೆಕ್ ಸಾಹೇಬರ ಗರಡಿಯವ” ಅಂತ, ‘ಮೆಕೆನ್ನಾಸ್ ಗೋಲ್ಡ್’ನ ಹೀರೋ ಗ್ರೆಗರಿ ಪೆಕ್ ಲೆಕ್ಕಕ್ಕೆ ಸೇರಿಸಿ ತೀರ್ಮಾನ ಮಾಡಿ, ಅಲ್ಲೇ ನಿಂತು ತಮ್ಮ ಪಾಲಿನ ದುಡ್ಡು ಎಣಿಸಿದರು.

ಎರಡನೆಯವರು ಆಪರೇಟರ್ ಅಣ್ಣ. ಮಂಗಳೂರಿನ ಮೂರು ಟಾಕೀಸುಗಳಲ್ಲಿ ಪ್ರೊಜೆಕ್ಟರ್ ಓಡಿಸಿದವರು. ಈಗ ಕುಲಶೇಖರದ ಕಡೆ ಮಗನ ಜೊತೆ ಇದ್ದಾರೆ. ಅವರಿಗೆ ಇಂಗ್ಲಿಷ್ ಲೇಖನ ಓದಲು ಬರುವುದಿಲ್ಲ. ಆದರೆ ಟೈಟಲ್ ಕಾರ್ಡಿನ ಇಂಗ್ಲಿಷ್ ಪೂರ್ತಿ ಬರುತ್ತದೆ. ಹಾಗಾಗಿ ಇವರಿಗೆ ಯಾವ ಪುಟ ಅಂತ ನನಗೆ ಗೊತ್ತಿರಲಿಲ್ಲ. ಸುಮ್ನೆ ಚಿತ್ರ ನೋಡಲಿ ಅಂತ ಕೊಟ್ಟೆ. ಅವರು ಪುಟ ತಿರುವುತ್ತಾ ‘ಲಾರೆನ್ಸ್ ಆಫ್ ಅರೇಬಿಯಾ’ ಪೋಸ್ಟರ್ ಬಂದಲ್ಲಿ ನಿಂತರು. ಒಂಟೆ ನೋಡಲಿಲ್ಲ, ಹೀರೋನ ಮುಖ ನೋಡಲಿಲ್ಲ. ಕೆಳಗೆ ಸಣ್ಣಕ್ಷರದಲ್ಲಿದ್ದ ‘ಸೂಪರ್ ಪನಾವಿಷನ್ 70’ರ ಮೇಲೆ ಬೆರಳಿಟ್ಟರು.

“ಇದು ನಿಜವಾದ 70. ಹಿಗ್ಗಿಸಿದ್ದು ಅಲ್ಲ.”

ಮಗನ ಟೆಂಪೋದ ಡೀಸೆಲ್ ಬಿಲ್ಲಿನ ಹಿಂದೆ ಎರಡು ಪಟ್ಟಿ ಬರೆದರು. ಒಂದು ಸಪುರ, ಒಂದು ಅಗಲ. ಸಪುರದ್ದರಲ್ಲಿ ಒಂದು ಚಿತ್ರದ ಪಕ್ಕಕ್ಕೆ ನಾಲ್ಕು ತೂತು. ಅಗಲದ್ದರಲ್ಲಿ ಐದು. ತೂತು ಬರೆಯುವಾಗ ಒಂದೊಂದಕ್ಕೂ ಪೆನ್ನು ಒತ್ತಿ, ಎಣಿಸಿ ಬರೆದರು. ಕ್ಯಾಮೆರಾದಲ್ಲಿ ಓಡುವ ಫಿಲ್ಮು 65 ಮಿಲಿಮೀಟರ್, ಟಾಕೀಸಿಗೆ ಬರುವ ಪ್ರಿಂಟು 70. ಜಾಸ್ತಿ ಐದು ಮಿಲಿಮೀಟರ್ ಯಾಕೆ? ಅಂಚಿನಲ್ಲಿ ಧ್ವನಿಯ ಮ್ಯಾಗ್ನೆಟಿಕ್ ಪಟ್ಟಿ ಬಳಿಯಲಿಕ್ಕೆ. ಒಟ್ಟು ಆರು ಟ್ರ್ಯಾಕು. ‘ಶೋಲೆ’ 70 ಎಂಎಂ ಅಂತ ನಾವೆಲ್ಲ ಬಾಯಿ ಬಿಟ್ಟು ನೋಡಿದೆವಲ್ಲ, ಅದು 35ರಲ್ಲೇ ತೆಗೆದು ಆಮೇಲೆ ಹಿಗ್ಗಿಸಿದ್ದು. ಇದನ್ನು ಹೇಳುವಾಗ ಅವರ ದನಿಯಲ್ಲಿ ಸಣ್ಣ ತಾತ್ಸಾರ ಇತ್ತು. ಅಷ್ಟರಲ್ಲೇ ತಿದ್ದಿಕೊಂಡರು: “ಆದರೂ ಜನ ಕೂತದ್ದು ಅದಕ್ಕೇ.”

ಆಮೇಲೆ ಒಂದು ಗಂಟೆ ಅವರು ಬಿಡಲಿಲ್ಲ. ಎರಡು ಪ್ರೊಜೆಕ್ಟರ್ ಪಕ್ಕ ಪಕ್ಕ. ಒಂದರಲ್ಲಿ ರೀಲು ಮುಗಿಯುವಾಗ ಪರದೆಯ ಬಲಮೂಲೆಯಲ್ಲಿ ಮೇಲೆ ಒಂದು ಚುಕ್ಕೆ ಮಿಂಚುತ್ತದೆ. ಆಗ ಎರಡನೆಯದರ ಮೋಟಾರು ಹಾಕಬೇಕು. ಏಳೆಂಟು ಸೆಕೆಂಡಿಗೆ ಎರಡನೇ ಚುಕ್ಕೆ. ಆಗ ಬದಲಿಸಬೇಕು. ಕಾರ್ಬನ್ ಕಡ್ಡಿ ಉರಿದು ಸವೆಯುತ್ತಾ ಹೋದ ಹಾಗೆ ಹತ್ತಿರ ತರುತ್ತಾ ಇರಬೇಕು, ಇಲ್ಲದಿದ್ದರೆ ಪರದೆ ಹಳದಿ ತಿರುಗುತ್ತದೆ, ಕೆಳಗಿಂದ ಶಿಳ್ಳೆ ಬರುತ್ತದೆ. “ಒಂದು ಸಿನಿಮಾ ಐವತ್ತು ಸಲ ನೋಡಿದ್ದೇನೆ ಅಂತ ಜನ ತಿಳಿದಿದ್ದಾರೆ. ನಾನು ನೋಡಿದ್ದು ಬಲಮೂಲೆ ಮಾತ್ರ.”

ಹೊರಡುವಾಗ ಕೇಳಿದರು: “ಇದರಲ್ಲಿ ಆಪರೇಟರ್ ಬಗ್ಗೆ ಏನಾದ್ರೂ ಬರೀತಾರಾ?” ಮನೆಗೆ ಬಂದು ನನ್ನ ಹತ್ತಿರ ಇದ್ದ ಸಂಚಿಕೆಗಳನ್ನೆಲ್ಲ ಹುಡುಕಿದೆ. ಸ್ಟಂಟಿನವರು ಇದ್ದರು, ಪೋಸ್ಟರಿನವರು ಇದ್ದರು. ಆಪರೇಟರ್ ಸಿಗಲಿಲ್ಲ. ಮುಂದಿನ ವಾರ ಅದನ್ನೇ ಹೇಳಿದೆ. “ಇರಲಿ, ಬರಬಹುದು” ಅಂತ ಅವರೂ ಪಾಲು ಕೊಟ್ಟರು. ಓದಲು ಬಾರದ ಪತ್ರಿಕೆಗೆ ಚಂದಾ ಕಟ್ಟಿದ ಮನುಷ್ಯ ಮಂಗಳೂರಿನಲ್ಲಿ ಅವರೊಬ್ಬರೇ ಇರಬೇಕು. ಈಗ ತಿಂಗಳಿಗೊಂದು ಸಲ ನಾನು ಹೋಗಿ ಓದಿ ಹೇಳುತ್ತೇನೆ. ಅವರು ಮಧ್ಯೆ ಮಧ್ಯೆ ತಿದ್ದುತ್ತಾರೆ.

ಬಿ.ಸಿ.ರೋಡಿನ ಮೇಷ್ಟ್ರ ಕತೆ ಬೇರೆ. ಅವರಿಗೆ ಸಿನಿಮಾ ಎರಡನೆಯದು, ಯಕ್ಷಗಾನ ಮೊದಲನೆಯದು. ಟೆಂಟಿನ ಮೇಳಗಳ ಹಳೆ ಕರಪತ್ರಗಳನ್ನು ಟ್ರಂಕಿನಲ್ಲಿ ಕೂಡಿಟ್ಟಿದ್ದಾರೆ. ಅವರಿಗೆ ‘ರೋಡ್‌ಶೋ’ ಸಿನಿಮಾಗಳ ವಿಶೇಷ ಸಂಚಿಕೆ ಕೊಟ್ಟೆ. ಈಗಿನ ರಾಜಕೀಯದವರ ರೋಡ್‌ಶೋ ಅಲ್ಲ ಇದು. ಐವತ್ತು, ಅರವತ್ತರ ದಶಕದಲ್ಲಿ ದೊಡ್ಡ ಸಿನಿಮಾಗಳನ್ನು ಮೊದಲು ಕೆಲವೇ ಊರುಗಳಲ್ಲಿ, ಒಂದೊಂದೇ ಟಾಕೀಸಿನಲ್ಲಿ, ಮುಂಗಡ ಬುಕ್ ಮಾಡಿದ ನಂಬರ್ ಸೀಟಿಗೆ ಜಾಸ್ತಿ ದರ ಇಟ್ಟು ತೋರಿಸುತ್ತಿದ್ದರು. ದಿನಕ್ಕೆ ಒಂದೋ ಎರಡೋ ಆಟ. ಕೈಗೆ ಚಂದದ ಪುಸ್ತಿಕೆ. ಪರದೆ ಸರಿಯುವ ಮೊದಲೇ ಕೆಲವು ನಿಮಿಷ ಬರೀ ಸಂಗೀತ. ನಡುವೆ ವಿರಾಮ.

ಇದನ್ನು ವಿವರಿಸಲು ನಾನು ಇಂಗ್ಲಿಷ್ ಪದಗಳಿಗೆ ತಡಕಾಡುತ್ತಿದ್ದೆ. ಮೇಷ್ಟ್ರು ಕೈ ಎತ್ತಿ ನಿಲ್ಲಿಸಿದರು. “ಗೊತ್ತಾಯ್ತು. ಟೆಂಟಿನ ಆಟ. ಮುಂದೆ ಈಸಿಚೇರು, ಹಿಂದೆ ನೆಲ. ಆಟ ಶುರುವಾಗುವ ಮೊದಲು ಚೆಂಡೆಯ ಅಬ್ಬರ. ಆ ಸಂಗೀತ ಅಂದರೆ ಇವರ ಅಬ್ಬರ. ಮುಂದೆ ಹೇಳು.” ನಾನು ಇಷ್ಟು ಸಂಚಿಕೆ ಓದಿಯೂ ಇದು ನನಗೆ ಹೊಳೆದಿರಲಿಲ್ಲ. ಅಬ್ಬರ ಬರೀ ಶಬ್ದ ಅಲ್ಲ ಅಲ್ವಾ. ದೂರದ ಗದ್ದೆಬದುವಿನಲ್ಲಿ ದೊಂದಿ ಹಿಡಿದು ಬರುವವನಿಗೆ ಬೇಗ ಬಾ ಅನ್ನುವುದು ಅದು. ಪಾಪ್‌ಕಾರ್ನ್ ಹಿಡಿದು ಸೀಟು ಹುಡುಕುವವನಿಗೂ ಅದೇ.

ಮೇಷ್ಟ್ರು ಪತ್ರಿಕೆ ಮುಗಿಸಿ ವಾಪಸ್ ಕೊಡುವಾಗ ಸ್ವಲ್ಪ ಬೇಜಾರಲ್ಲಿದ್ದರು. “ನಮ್ಮದಕ್ಕೆ ಇಂಥದ್ದು ಯಾರು ಮಾಡ್ತಾರೆ?” ಅವರ ಮಾತು ಸರಿ. ಪಕ್ಕದ ಮಣಿಪಾಲದಿಂದಲೇ ‘ರೂಪತಾರಾ’ ಬರುತ್ತದೆ, ಆದರೆ ಅದರ ಕಣ್ಣು ಇವತ್ತಿನ ಸಿನಿಮಾದ ಮೇಲೆ. ಕನ್ನಡದ ಮೊದಲ ಟಾಕಿ 1934ರ ‘ಸತಿ ಸುಲೋಚನ’, ಅದರ ಪ್ರಿಂಟೇ ಇಲ್ಲ. ‘ಘಟಶ್ರಾದ್ಧ’ ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಲ್ಪಟ್ಟಾಗ ನಮ್ಮ ಭಾನುವಾರದ ಹೋಟೆಲಿನಲ್ಲಿ ಆ ಸುದ್ದಿ ಗೊತ್ತಿದ್ದವರು ಇಬ್ಬರು. ತುಳುವಿನ ಮೊದಲ ಸಿನಿಮಾ ‘ಎನ್ನ ತಂಗಡಿ’ 1971ರದ್ದು. ಮೇಷ್ಟ್ರು ಅದರ ಒಂದು ಕರಪತ್ರಕ್ಕಾಗಿ ಎಷ್ಟೋ ವರ್ಷದಿಂದ ಹುಡುಕುತ್ತಿದ್ದಾರೆ. ನಿಮ್ಮ ಮನೆಯ ಅಟ್ಟದಲ್ಲಿ ಇದ್ದರೆ ಗೆದ್ದಲಿಗೆ ಬಿಡಬೇಡಿ.

ನಾಲ್ಕನೆಯ ಪ್ರಯತ್ನ ಸೋತಿತು. ಅಕ್ಕನ ಮಗಳು ಮಣಿಪಾಲದಲ್ಲಿ ಓದುತ್ತಿದ್ದಾಳೆ, ಸಿನಿಮಾ ಅಂದರೆ ಜೀವ. ಅವಳಿಗೆ ಜೇಮ್ಸ್ ಬಾಂಡ್ ಇದ್ದ ಸಂಚಿಕೆ ಕೊಟ್ಟೆ. ಹತ್ತು ನಿಮಿಷದಲ್ಲಿ ವಾಪಸ್. “ಮಾಮ, ಇದರಲ್ಲಿ ಗಂಡಸರಿಗೆಲ್ಲ ಕೋಟು, ಹೆಂಗಸರಿಗೆಲ್ಲ ಯಾಕೆ ಬಿಕಿನಿ?” ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳು ಹೇಳಿದ ಮೇಲೆ ನೋಡಿದರೆ ಹೌದು. ಈ ಪತ್ರಿಕೆಗೆ ಬಾಂಡ್ ಮೇಲೆ ಪ್ರೀತಿ ಮಿತಿಮೀರಿದೆ. ಯುದ್ಧ, ಕೌಬಾಯ್, ಗೂಢಚಾರ, ಇಷ್ಟರಲ್ಲೇ ಸುತ್ತುತ್ತದೆ. ಹುಡುಗರಾಗಿದ್ದಾಗ ಬಾಲ್ಕನಿಯಲ್ಲಿ ಕೂತು ಶಿಳ್ಳೆ ಹೊಡೆದ ಗಂಡಸರು ಬೆಳೆದು ಮಾಡಿದ ಪತ್ರಿಕೆ ಇದು. ಟೀಕೆಗಿಂತ ಪ್ರೀತಿ ಜಾಸ್ತಿ. ಕೆಲವು ಕೆಟ್ಟ ಸಿನಿಮಾಗಳನ್ನೂ ಹೊಗಳಿಬಿಡುತ್ತಾರೆ. ನನಗೆ ಅದು ತೊಂದರೆ ಅಲ್ಲ, ನಾನೂ ಅದೇ ಜಾತಿ. ಅವಳಿಗೆ ತೊಂದರೆ.

ಅವಳಿಗೆ ಬೇರೆ ಪತ್ರಿಕೆಯೇ ಬೇಕಿತ್ತು. ‘ಸೈಟ್ ಅಂಡ್ ಸೌಂಡ್’ ಹೇಳಿದೆ. 1932ರಿಂದ ಬರುತ್ತಿರುವುದು, ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನದ್ದು. ಹಳೆಯದರ ಜೊತೆ ಹೊಸದನ್ನೂ ಗಂಭೀರವಾಗಿ ನೋಡುತ್ತದೆ. 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರನ್ನು ಕೇಳಿ ಸಾರ್ವಕಾಲಿಕ ಶ್ರೇಷ್ಠ ಸಿನಿಮಾಗಳ ಪಟ್ಟಿ ಮಾಡುತ್ತದೆ. 1962ರಿಂದ 2002ರವರೆಗೆ ಐದು ಸಲವೂ ‘ಸಿಟಿಜನ್ ಕೇನ್’ ಮೊದಲು. 2012ರಲ್ಲಿ ‘ವರ್ಟಿಗೋ’. 2022ರಲ್ಲಿ ಎಲ್ಲರನ್ನೂ ಹಿಂದೆ ಹಾಕಿದ್ದು ಶಾಂತಾಲ್ ಅಕರ್‌ಮನ್ ಎಂಬ ಹೆಂಗಸು 1975ರಲ್ಲಿ ಮಾಡಿದ ‘ಜ್ಯಾನ್ ಡೀಲ್‌ಮನ್’. ಮೂರು ಗಂಟೆ ಇಪ್ಪತ್ತು ನಿಮಿಷದ ಸಿನಿಮಾ. ಬ್ರಸೆಲ್ಸ್‌ನ ಒಬ್ಬಳು ಗೃಹಿಣಿಯ ಮೂರು ದಿನ, ಹೆಚ್ಚಿನದ್ದು ಅಡುಗೆಮನೆಯಲ್ಲೇ. ‘ಪಥೇರ್ ಪಾಂಚಾಲಿ’ ಆ ಪಟ್ಟಿಯಲ್ಲಿ 35ನೆಯದು.

ಅವಳು ಹಾಸ್ಟೆಲಿನಲ್ಲಿ ಎರಡು ರಾತ್ರಿ ಕೂತು ಆ ಮೊದಲನೆಯದನ್ನು ನೋಡಿದಳು. ಫೋನ್ ಮಾಡಿ ಹೇಳಿದ್ದು ಇಷ್ಟೇ: “ಅವಳು ಬಟಾಟೆ ಸುಲಿಯುವುದು ಅಜ್ಜಿಯ ಹಾಗೇ. ನೋಡ್ತಾ ನೋಡ್ತಾ ಹೆದರಿಕೆ ಆಯ್ತು.” ನಾನು ಅಡುಗೆಮನೆಗೆ ಹೋಗಿ ಅಮ್ಮನನ್ನು ಸ್ವಲ್ಪ ಹೊತ್ತು ನೋಡಿದೆ. “ಎಂತ?” ಅಂದರು. “ಏನಿಲ್ಲ” ಅಂದೆ.

ಈಗ ಗ್ರಿಲ್‌ಗೆ ಬರೋಣ. ಆ ದಿನ ಮನೆಯಲ್ಲಿ ಯಾರೂ ಇರಲಿಲ್ಲ. ಪೋಸ್ಟ್‌ಮ್ಯಾನ್ ನಾನು ಹೇಳಿದ ಹಾಗೇ ಮಾಡಿದ್ದರು. ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತದೆ. ಜುಲೈನಲ್ಲಿ ಅದು ಮೇಲಿಂದ ಬೀಳುವುದಿಲ್ಲ, ಪಡುವಣದಿಂದ ಅಡ್ಡಲಾಗಿ ಹೊಡೆಯುತ್ತದೆ. ಇದು ಗೊತ್ತಿದ್ದೂ ಗ್ರಿಲ್ ತೋರಿಸಿದವನು ನಾನು. ಸಂಜೆ ಬಂದು ನೋಡಿದರೆ ಕವರು ಒದ್ದೆ ಗೋಣಿಯ ಹಾಗೆ ನೇತಾಡುತ್ತಿತ್ತು. ಅರ್ಧ ಪುಟಗಳಿಗೆ ನೀರು ಹೋಗಿತ್ತು.

ಇಲ್ಲಿ ಒಂದು ವಿಷಯ ಎಲ್ಲರಿಗೂ ಉಪಯೋಗಕ್ಕೆ ಬರಬಹುದು. ನುಣುಪು ಕಾಗದದ ಪತ್ರಿಕೆ ಒದ್ದೆಯಾದರೆ ಹಾಗೇ ಒಣಗಲು ಬಿಡಬೇಡಿ. ಆ ಹೊಳಪು ಬರುವುದು ಕಾಗದದ ಮೇಲೆ ಬಳಿದ ಬಿಳಿ ಜೇಡಿಯ ಲೇಪದಿಂದ, ಅದರಲ್ಲಿ ಅಂಟೂ ಇರುತ್ತದೆ. ನೀರು ತಾಗಿದರೆ ಅದು ಮೆತ್ತಗಾಗುತ್ತದೆ, ಒಣಗಿದರೆ ಪುಟಕ್ಕೆ ಪುಟ ಕಚ್ಚಿಕೊಂಡು ಇಟ್ಟಿಗೆ ಆಗುತ್ತದೆ. ಆಮೇಲೆ ಬ್ರಹ್ಮ ಬಂದರೂ ಬಿಡಿಸಲಾರ. ಒದ್ದೆ ಇರುವಾಗಲೇ ಬಿಡಿಸಬೇಕು. ಅಷ್ಟು ಪುರುಸೊತ್ತು ಇಲ್ಲದಿದ್ದರೆ ಚೀಲಕ್ಕೆ ಹಾಕಿ ಫ್ರೀಜರ್‌ನಲ್ಲಿ ಇಡಬೇಕು. ಹಾಗೆ ಈಸ್ಟ್‌ವುಡ್ ಬಂಗುಡೆ ಪಕ್ಕ ಸೇರಿದ್ದು.

ಶನಿವಾರ ರಾತ್ರಿ ಹೊರಗೆ ತೆಗೆದೆ. ಒಂದು ಗಂಟೆ ಬಿಟ್ಟಾಗ ಮುಖಪುಟ ಸಡಿಲ ಆಯಿತು. ಬೇಕರಿಯವರು ಕೇಕಿನ ಅಡಿಗೆ ಹಾಕುವ ಬಟರ್ ಪೇಪರ್ ತಂದಿದ್ದೆ. ಒಂದು ಪುಟ ಮೂಲೆಯಿಂದ ಮೆಲ್ಲಗೆ ಎಬ್ಬಿಸುವುದು, ಬಟರ್ ಪೇಪರ್ ಇಡುವುದು. ಮತ್ತೊಂದು ಪುಟ, ಮತ್ತೊಂದು ಪೇಪರ್. ಎಳೆದರೆ ಬಣ್ಣ ಕಿತ್ತು ಬರುತ್ತದೆ. ಒಂದು ಕಡೆ ಎಳೆದೆ. ಕೌಬಾಯ್ ಸಿನಿಮಾಗಳ ವಿಲನ್ ಲೀ ವಾನ್ ಕ್ಲೀಫ್‌ನ ಎಡಗಣ್ಣು ಎದುರಿನ ಪುಟಕ್ಕೆ ಹೋಯಿತು, ಈಗಲೂ ಅಲ್ಲಿಂದಲೇ ನೋಡುತ್ತಾನೆ. ರಾತ್ರಿ ಒಂದೂವರೆಗೆ ಮುಗಿಯಿತು. ಟೇಬಲ್ ಫ್ಯಾನ್ ಹಾಕಿ ಮಲಗಿದೆ.

ಬೆಳಿಗ್ಗೆ ನೋಡಿದರೆ ಒಣಗಿದ ಲಕ್ಷಣವೇ ಇಲ್ಲ. ಮಂಗಳೂರಿನ ಮಳೆಗಾಲದಲ್ಲಿ ಫ್ಯಾನು ಒದ್ದೆ ಗಾಳಿಯನ್ನೇ ತಿರುಗಿಸುತ್ತದೆ. ಅಮ್ಮ ನೋಡಿ, ನಕ್ಕು, “ಬಚ್ಚಲೊಲೆಯ ಮೇಲೆ ಹಾಕು” ಅಂದರು. ನಮ್ಮ ಹಳೆ ಮನೆ, ಬಚ್ಚಲಲ್ಲಿ ಇನ್ನೂ ಸೌದೆ ಒಲೆ ಇದೆ. ಮಳೆಗಾಲದಲ್ಲಿ ಬಟ್ಟೆ ಒಣಗುವುದು ಅದರ ಮೇಲಿನ ಹಗ್ಗದಲ್ಲೇ. ಅಂಗಿ, ಲುಂಗಿಗಳ ನಡುವೆ ಪತ್ರಿಕೆಯನ್ನು ಕವುಚಿ ನೇತುಹಾಕಿದೆ. ಎರಡು ದಿನದಲ್ಲಿ ಒಣಗಿತು. ಆಮೇಲೆ ಅಕ್ಕಿ ಡಬ್ಬಿಯ ಅಡಿಯಲ್ಲಿ ಒಂದು ವಾರ. ಪುಟಗಳು ಈಗ ಕಡಲಿನ ಹಾಗೆ ಅಲೆ ಅಲೆ. ತೆರೆದರೆ ಹೊಗೆಯ ಪರಿಮಳ. ಕೌಬಾಯ್ ಸಂಚಿಕೆಗೆ ಅದು ಸರಿಯಾಗಿಯೇ ಒಪ್ಪಿದೆ ಅಂತ ಮೇಷ್ಟ್ರು ಅಂದರು.

ಆ ಹೊಗೆ ಸಂಚಿಕೆಯೇ ಈಗ ಎಲ್ಲಕ್ಕಿಂತ ಜಾಸ್ತಿ ಓಡಾಡಿದ್ದು. ಭಾನುವಾರ ಹೋಟೆಲಿಗೆ ತೆಗೆದುಕೊಂಡು ಹೋದರೆ, ಮೊದಲ ಸಲ ಬನ್ಸ್ ಬೆರಳಲ್ಲಿ ತಿರುವಿದವರೇ ಮೂಸಿ ನೋಡಿ, “ಇದನ್ನು ಈ ವಾರ ನಾನು ಕೊಂಡುಹೋಗ್ತೇನೆ” ಅಂದರು. ಒಳಗಿನ ಪುಟದಲ್ಲಿ ತೆಗೆದುಕೊಂಡವರು ಹೆಸರು, ತಾರೀಕು ಬರೆಯಬೇಕು ಅಂತ ಬ್ಯಾಂಕ್ ಮಾಮ ನಿಯಮ ಮಾಡಿದ್ದಾರೆ. ಲೆಡ್ಜರ್ ಬುದ್ಧಿ. ಅದರಲ್ಲಿ ನನಗೆ ಗುರುತಿಲ್ಲದ ಎರಡು ಕೈಬರಹ ಉಂಟು.

ಇನ್ನೊಂದು ಮಾತು, ಇದರಲ್ಲಿ ನಾನು ಕೈ ಸುಟ್ಟುಕೊಂಡಿದ್ದೇನೆ. ಪತ್ರಿಕೆಯಲ್ಲಿ ಹಳೆ ಸಿನಿಮಾಗಳ ಹೊಸ ಬ್ಲೂ-ರೇ ಡಿಸ್ಕ್‌ಗಳ ವಿಮರ್ಶೆ ತುಂಬಾ ಇರುತ್ತದೆ. ಓದಿದರೆ ತರಿಸಬೇಕು ಅನಿಸುತ್ತದೆ. ತರಿಸಿದೆ. ಪ್ಲೇಯರ್‌ನಲ್ಲಿ ಹಾಕಿದರೆ ನೀಲಿ ಪರದೆ. ಯಾವ ಡಿಸ್ಕ್ ಯಾವ ದೇಶಗಳ ಪ್ಲೇಯರ್‌ನಲ್ಲಿ ಓಡಬೇಕು ಅಂತ ರೀಜನ್ ಮಾಡಿಟ್ಟಿದ್ದಾರೆ: ಬ್ರಿಟನ್ನಿನ ಡಿಸ್ಕ್ ರೀಜನ್ ಬಿ, ನಮ್ಮ ದೇಶದ್ದು ರೀಜನ್ ಸಿ. ಡಿವಿಡಿ ಆದರೆ ಅವರದ್ದು 2, ನಮ್ಮದು 5. ಎಲ್ಲ ರೀಜನ್ ಓಡಿಸುವ ಪ್ಲೇಯರ್ ಇಲ್ಲದಿದ್ದರೆ ಡಬ್ಬಿಯ ಹಿಂದಿನ ಗುರುತು ನೋಡದೆ ದುಡ್ಡು ಹಾಕಬೇಡಿ. ಆ ಡಿಸ್ಕ್ ಈಗ ನನ್ನ ಚಾದ ಲೋಟದ ಅಡಿಗೆ ಇದೆ.

ಮೊನ್ನೆ ಚಂದಾ ಮುಗಿಯಿತು ಅಂತ ಇಮೇಲ್ ಬಂತು. ಈ ಸಲ ಆರು ಪಾಲು. ಆಪರೇಟರ್ ಅಣ್ಣ ನೂರರ ನೋಟುಗಳನ್ನು ಡೀಸೆಲ್ ಬಿಲ್ಲಿನಲ್ಲಿ ಸುತ್ತಿ ಕಳಿಸಿದ್ದರು. ಬಿಲ್ಲಿನ ಹಿಂದೆ ಈ ಸಲ ತೂತುಗಳಿಲ್ಲ, ಬಲಮೂಲೆಯಲ್ಲಿ ಒಂದು ಚುಕ್ಕೆ ಮಾತ್ರ. ದುಡ್ಡು ಸೇರಿಸಿ, ಕಂಪ್ಯೂಟರ್ ಮುಂದೆ ಕೂತು, ಕಾರ್ಡ್ ನಂಬರ್ ಹೊಡೆದೆ. ಫೇಲ್. ಇನ್ನೊಮ್ಮೆ ಹೊಡೆದೆ. ಫೇಲ್. ಹೋದ ಸಲ ಆ ಸ್ವಿಚ್ ಆಫ್ ಮಾಡಿದವನೂ ನಾನೇ.